ಮೀನು ಹಿಡಿಯುವ ಸಣ್ಣ ಅಲ್ಯೂಮಿನಿಯಂ ದೋಣಿಗೆ ಎತ್ತಿಡುವ ಅಟ್ಟ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನೋಡದವರು ಈ ಪ್ರಾಂತ್ಯದಲ್ಲಿ ವಿರಳ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಏರಿಯನ್ನು ಹಾಕಿ, ಹರಿದ್ರಾ ಹೊಳೆಯನ್ನು ತಡೆದು ಕಟ್ಟಿರುವ ಈ ಕೆರೆಗೆ ಶಾಂತಿಸಾಗರವೆಂಬ ಹೆಸರೂ ಉಂಟು. ಶಾಂತವ್ವೆಯೆಂಬ ರಾಜಪುತ್ರಿಯು ಇದನ್ನು ಕಟ್ಟಿಸಿದಳೆಂದು ಐತಿಹ್ಯವಿದೆ. ಕೆರೆ ತುಂಬಿ ನಿಂತಾಗ ನೀರಿನ ಹರವು ಸುಮಾರು ೬,೫೦೦ ಎಕರೆಯಷ್ಟಾಗುವುದು. ಇಷ್ಟು ವಿಶಾಲವಾದ ನೀರಿನ ಮೇಲೆ ಮುಂಗಾರಿನ ಗಾಳಿ ಬೀಸಿದರೆ ಏಳತಕ್ಕ ಅಲೆಗಳು ಸಣ್ಣ ಹೊಳೆಯ ಅಲೆಗಳಂತೆ ಇರುವುದಿಲ್ಲ. ಏರಿಯ ಮೇಲೆ ನಿಂತು ನೋಡುವವರಿಗೆ ಅದು ರಮ್ಯವಾದ ನೋಟ. ಹನ್ನೆರಡು ಅಡಿಯ ದೋಣಿಯಲ್ಲಿ ನಿಂತು ಬಲೆ ಬೀಸುವವನಿಗೆ ಅದೇ ನೋಟವು ಬೇರೆಯಾಗಿ ಕಾಣುವುದು.

ಈ ಸೀಮೆಯಲ್ಲಿ ಅನಾದಿಯಿಂದ ಬಳಕೆಯಲ್ಲಿರುವುದು ಹರಿಗೋಲು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಯ ಮಗ್ಗುಲಲ್ಲಿ ಹರಿದು ಹರಿಹರದ ಕಡೆಗೆ ಸಾಗುವ ಹೊಳೆಯಲ್ಲಿ, ಸೇತುವೆಗಳು ಬರುವುದಕ್ಕೆ ಮೊದಲು, ಜನರನ್ನೂ ದವಸವನ್ನೂ ದಾಟಿಸುತ್ತಿದ್ದುದು ಇದೇ. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇದೇ ತುಂಗಭದ್ರೆಯಲ್ಲಿ, ಬಿದಿರಿನಿಂದ ಹೆಣೆದು ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಗಿರುವ ದೋಣಿಗಳನ್ನು ಕಂಡು, ಅವು ಹದಿನೈದಿಪ್ಪತ್ತು ಮಂದಿಯನ್ನು ಹೊರುವುವೆಂದೂ, ಕುದುರೆ ಎತ್ತುಗಳನ್ನು ಸಹ ಅವುಗಳಲ್ಲಿ ದಾಟಿಸುವರೆಂದೂ ಬರೆದಿಟ್ಟಿದ್ದಾನೆ. ಚರ್ಮದ ಸ್ಥಾನಕ್ಕೆ ಈಗ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆಯೂ, ಕೆಲವೆಡೆಗಳಲ್ಲಿ ಅಚ್ಚಿನಲ್ಲಿ ಎರಕವಾದ ಫೈಬರ್ ಹರಿಗೋಲೂ ಬಂದಿವೆ. ಹರಿಗೋಲಿಗೆ ಅಟ್ಟದ ಚಿಂತೆಯಿಲ್ಲ. ಅದರ ಬಿದಿರ ಹೆಣಿಗೆಯೇ ಅದಕ್ಕೆ ನೆಲ. ಒಳಗೆ ಕುಳಿತವನ ಭಾರವು ತಳಕ್ಕೆ ಇಳಿದಿರುವುದರಿಂದಲೂ, ತಳವು ಅಗಲವಾಗಿರುವುದರಿಂದಲೂ ಅದು ಸುಲಭವಾಗಿ ಮಗುಚುವುದಿಲ್ಲ.

ಅಲ್ಯೂಮಿನಿಯಂ ದೋಣಿಯ ಸಂಗತಿ ಹಾಗಲ್ಲ. ಇದು ಹಗುರ, ತುಕ್ಕು ಹಿಡಿಯದು, ಇಬ್ಬರು ಎತ್ತಿ ಗಾಡಿಗೆ ಹಾಕಬಹುದು, ಹುಟ್ಟಿನಿಂದಲಾಗಲಿ ಸಣ್ಣ ಯಂತ್ರದಿಂದಲಾಗಲಿ ನೆಟ್ಟಗೆ ಸಾಗುವುದು. ಆದರೆ ಇದರ ತಳವು ತೆಳುವಾದ ತಗಡು. ಆ ತಗಡು ಬಾಗದಿರಲೆಂದು ಅಡ್ಡಲಾಗಿ ಒಂದೊಂದೂವರೆ ಅಂಗುಲ ಎತ್ತರದ ಪಕ್ಕೆಗಳನ್ನು ಕೂಡಿಸಿರುವರು. ಬರಿಗಾಲಿನಲ್ಲಿ ನಿಲ್ಲುವವನಿಗೆ ಈ ಪಕ್ಕೆಗಳ ಮೇಲೆ ಸರಿಯಾದ ನೆಲೆ ಸಿಕ್ಕುವುದಿಲ್ಲ. ಬಲೆಯ ಗುಂಡುಗಳು ಪಕ್ಕೆಗಳ ಸಂದಿನಲ್ಲಿ ಸಿಕ್ಕಿಕೊಳ್ಳುವುವು. ಬಿಸಿಲೇರಿದ ಮೇಲೆ ತಗಡು ಕಾದು ಕಾಲು ಇಡಲಾಗದು. ಹಿಡಿದ ಮೀನು ತಳದಲ್ಲಿ ನಿಂತ ಬೆಚ್ಚಗಿನ ನೀರಿನಲ್ಲಿ ಹೊರಳಾಡಿ, ದಡ ಸೇರುವ ಹೊತ್ತಿಗೆ ಕಿವಿರು ಬಣ್ಣಗೆಟ್ಟು ಬೆಲೆ ಕಳೆದುಕೊಳ್ಳುವುದು. ಇಷ್ಟೇ ಅಲ್ಲದೆ, ಹುಟ್ಟು ತಗಡಿಗೆ ತಗುಲಿದಾಗ ಆಗುವ ಸದ್ದು ನೀರೊಳಗೆ ಬಹುದೂರ ಕೇಳುವುದು. ಇವೆಲ್ಲಕ್ಕಿಂತ ಮುಖ್ಯವಾದುದೊಂದುಂಟು: ಕಾಲಿಗೆ ನೆಲೆಯಿಲ್ಲವೆಂದು ಬೇಸತ್ತು, ಬಲೆ ಬೀಸುವವನು ಕೂರುವ ಅಡ್ಡಮಣೆಯ ಮೇಲೆಯೇ ಹತ್ತಿ ನಿಲ್ಲುವನು. ಅಲ್ಲಿಂದ ಬೀಸಿದ ಬಲೆಯ ಸೆಳೆತಕ್ಕೆ ಒಂದು ಹೆಜ್ಜೆ ತಪ್ಪಿದರೆ ಮುಂದೇನಾಗುವುದೆಂದು ವಿವರಿಸಬೇಕಾದ್ದಿಲ್ಲ. ದೋಣಿಯನ್ನು ಕೊಂಡವರು ಬಹುಮಟ್ಟಿಗೆ ಕೆರೆಯನ್ನು ಗುತ್ತಿಗೆ ಹಿಡಿದ ಯಜಮಾನರು. ಅದರಲ್ಲಿ ನಿಲ್ಲುವವನು ಕೂಲಿಗೆ ಬಂದ ಬೆಸ್ತ. ಆದಕಾರಣ ಅಟ್ಟದ ವಿಚಾರವು ಯಜಮಾನರ ಹೊಣೆಗೆ ಸೇರಿದುದೇ ಹೊರತು, ಬೆಸ್ತನ ಅನುಕೂಲಕ್ಕೆ ಮಾತ್ರ ಸಂಬಂಧಿಸಿದುದೆಂದು ಭಾವಿಸತಕ್ಕದ್ದಲ್ಲ.

ಈಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ಪ್ರಾಮುಖ್ಯ ಬಂದಿರುವುದಕ್ಕೆ ಮತ್ತೊಂದು ಕಾರಣವುಂಟು. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿಮಾಡುವುದಿಲ್ಲ. ೧೯೫೭ನೆಯ ಇಸವಿ ಜುಲೈ ೧೦ರಂದು ಒಡಿಶಾ ಪ್ರಾಂತ್ಯದ ಅಂಗುಲ್‌ನಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ತಮ್ಮ ಸಹೋದ್ಯೋಗಿಗಳೊಡನೆ ಈ ಜಾತಿಗಳಿಗೆ ಚುಚ್ಚುಮದ್ದಿನಿಂದ ಮೊಟ್ಟೆಯಿಡಿಸಿದ ಮೇಲೆ, ಮರಿಗಳನ್ನು ಬೇಕಾದಷ್ಟು ತಯಾರಿಸಿ ಊರೂರ ಕೆರೆಗಳಲ್ಲಿ ಬಿಡುವುದು ಸಾಧ್ಯವಾಯಿತು. ಕೆರೆಯ ಮೀನು ಹೀಗೆ ಒಂದು ಬೆಳೆಯೇ ಆಯಿತು. ಐದಾರು ಕಿಲೋ ತೂಗುವ ಕಾಟ್ಲಾ ಬಲೆಗೆ ಬಿದ್ದರೆ ಅದನ್ನು ಎತ್ತುವವನು ಎರಡು ಪಾದಗಳನ್ನೂ ಭದ್ರವಾಗಿ ಊರಿ ನಿಲ್ಲಬೇಕಾಗುವುದು. ೪೦ ಹೆಕ್ಟೇರಿಗಿಂತ ಕಡಮೆ ಹರವುಳ್ಳ ಕೆರೆಗಳ ಮೀನಿನ ಹಕ್ಕು ಗ್ರಾಮ ಪಂಚಾಯ್ತಿಗಳಿಗೆ ಸೇರಿರುವುದರಿಂದ, ಊರ ಮುಖಂಡರು ಗುತ್ತಿಗೆಯ ಹಣವನ್ನಷ್ಟೇ ಅಲ್ಲದೆ ದೋಣಿಯ ಸ್ಥಿತಿಯನ್ನೂ ವಿಚಾರಿಸುವುದು ಯುಕ್ತ.

ಅಟ್ಟವೆಂದರೆ ದೋಣಿಗೆ ಮೊಳೆ ಹೊಡೆದು ಕೂಡಿಸಿದ ನೆಲವೆಂದು ಕೆಲವರು ತಿಳಿಯುವರು. ಇದು ದೊಡ್ಡ ತಪ್ಪು. ಕೂಡಿಸಿದ ಅಟ್ಟದ ಕೆಳಗೆ ನೀರು ಎಷ್ಟು ಸೇರಿದೆಯೆಂದು ಕಾಣುವುದಿಲ್ಲ, ತೋಡಿಹಾಕಲು ಬರುವುದಿಲ್ಲ. ತಳದಲ್ಲಿ ಸಣ್ಣ ರಂಧ್ರವಾದರೂ ಗೊತ್ತಾಗುವುದು ದೋಣಿ ಭಾರವಾದ ಮೇಲೆಯೇ. ಮೀನಿನ ಹುರುಪೆಯೂ ಲೋಳೆಯೂ ಅಡಿಯಲ್ಲಿ ಕೊಳೆತು ನಾರುವುವು. ಇದಲ್ಲದೆ ಪ್ರತಿಯೊಂದು ಮೊಳೆಯ ತೂತೂ ತಗಡಿಗೆ ಒಂದೊಂದು ಗಾಯವೇ ಸರಿ. ಎತ್ತಿಡುವ ಅಟ್ಟವಾದರೆ ಈ ತೊಂದರೆ ಯಾವುದೂ ಇಲ್ಲ. ೨೦೧೯ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ತುಂಗಭದ್ರೆಗೆ ನೆರೆ ಬಂದು ಹೊನ್ನಾಳಿಯ ತಗ್ಗಿನ ಬೀದಿಗಳಿಗೆ ನೀರು ನುಗ್ಗಿದುದು ಅನೇಕರ ನೆನಪಿನಲ್ಲಿರಬಹುದು. ಅಂತಹ ಕಾಲದಲ್ಲಿ ಅಟ್ಟವನ್ನು ತೆಗೆದು ಮನೆಯಲ್ಲಿಟ್ಟು, ಮುದುಕರನ್ನೂ ಮಕ್ಕಳನ್ನೂ ದೋಣಿಯ ತಳದಲ್ಲಿಯೇ ಕೂರಿಸಿದರೆ ಭಾರವು ಕೆಳಗಿದ್ದು ದೋಣಿ ನಿಶ್ಚಲವಾಗಿರುವುದು. ಮೀನಿಗೆ ಬೇಕಾದ ದೋಣಿ ಬೇರೆ, ನೆರೆಗೆ ಬೇಕಾದ ದೋಣಿ ಬೇರೆ. ಅಟ್ಟವು ಎತ್ತುವಂತಿದ್ದರೆ ಒಂದೇ ದೋಣಿ ಎರಡೂ ಆಗುವುದು.

ಅಳತೆಯ ವಿಚಾರಕ್ಕೆ ಬರುವ. ದೋಣಿಯನ್ನು ನೆಲದ ಮೇಲೆ ಮಟ್ಟವಾಗಿ ನಿಲ್ಲಿಸಿ, ಅಲುಗಾಡದಂತೆ ಎರಡು ಕಡೆ ಮರಳಿನ ಚೀಲ ಕೊಟ್ಟು, ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಒಳಗೆ ಹಾಸಿ, ತಳದ ಅಂಚಿಗೆ ಸರಿಯಾಗಿ ಕತ್ತರಿಸಿಕೊಳ್ಳತಕ್ಕದ್ದು. ಈ ರಟ್ಟಿನ ಅಚ್ಚನ್ನೇ ಹಲಗೆಯ ಮೇಲಿಟ್ಟು ಗೆರೆ ಹಾಕಬೇಕು. ಗಜಕಡ್ಡಿಯಿಂದ ಅಳೆದು ನೇರವಾಗಿ ಮರ ಕೊಯ್ಯುವ ಬಡಗಿಗಳು ಬಹಳ. ದೋಣಿಯ ಮೈ ಎಲ್ಲಿಯೂ ನೇರವಾಗಿರುವುದಿಲ್ಲವಾದ್ದರಿಂದ ಹಲಗೆ ವ್ಯರ್ಥವಾಗುವುದು. ಅಚ್ಚಿಗಿಂತ ಸುತ್ತಲೂ ಕಾಲಂಗುಲ ಕಿರಿದಾಗಿ ಕೊಯ್ಯುವುದು ಅವಶ್ಯ. ಮರವು ನೆನೆದಾಗ ಹಿಗ್ಗಿ ದೋಣಿಯ ಪಕ್ಕವನ್ನು ಒತ್ತಬಾರದು, ನೀರೂ ಆ ಸಂದಿನಿಂದ ಕೆಳಗಿಳಿಯಬೇಕು.

ಅಟ್ಟದ ಎತ್ತರವೇ ಇಲ್ಲಿ ಮುಖ್ಯ ವಿಷಯ. ಅದು ಪಕ್ಕೆಗಳ ನೆತ್ತಿಯ ಮೇಲೆ ಕೂರುವಷ್ಟು ಮಾತ್ರ ಎತ್ತರವಿರಲಿ. ಅಡ್ಡಮಣೆಯ ಮಟ್ಟಕ್ಕೆ ಅಟ್ಟವನ್ನು ಏರಿಸಿ, ಅದರ ಮೇಲೆ ನಿಂತು ಗಾಳ ಹಾಕುವ ಪದ್ಧತಿ ಪರದೇಶಗಳಲ್ಲಿ ಬಳಕೆಯಲ್ಲಿದೆ. ಅಲ್ಲಿನ ದೋಣಿಗಳು ಉದ್ದದಲ್ಲಿಯೂ ಅಗಲದಲ್ಲಿಯೂ ಬಹುತೇಕ ಹಿರಿದಾದುವು. ಹನ್ನೆರಡು ಅಡಿ ಉದ್ದ, ಮೂರೂವರೆ ಅಡಿ ತಳದಗಲವುಳ್ಳ ದೋಣಿಗೆ ಅದು ಸಲ್ಲದು. ಹೇರು ಎತ್ತರವಾದ ಹುಲ್ಲಿನ ಗಾಡಿ ಓರೆ ದಾರಿಯಲ್ಲಿ ಹೇಗೆ ವಾಲುವುದೋ, ನಿಂತವನ ಪಾದ ಮೇಲೇರಿದಂತೆಲ್ಲ ದೋಣಿಯೂ ಹಾಗೆಯೇ ವಾಲುವುದು. ಭಾರದ ಲೆಕ್ಕವೂ ಸುಲಭವೇ. ಇಂತಹ ದೋಣಿಯ ತಳದಲ್ಲಿ ನೀರಿಗೆ ತಗುಲುವ ಭಾಗವು ಸುಮಾರು ೧೦ ಅಡಿ ಉದ್ದ, ೩.೫ ಅಡಿ ಅಗಲ, ಅಂದರೆ ೩೫ ಚದರ ಅಡಿ. ಇದು ಒಂದು ಅಂಗುಲ ಮುಳುಗಬೇಕಾದರೆ ಸುಮಾರು ೮೦ ಕಿಲೋ ಭಾರ ಬೇಕು. ಅಟ್ಟವು ೨೫ ಕಿಲೋ ತೂಗಿದರೆ ದೋಣಿ ಕಾಲಂಗುಲಕ್ಕಿಂತ ಸ್ವಲ್ಪ ಹೆಚ್ಚಾಗಿ ತಗ್ಗುವುದು, ಅದನ್ನು ಸಹಿಸಬಹುದು. ದಪ್ಪ ಹಲಗೆಯ ಆಸೆಗೆ ಬಿದ್ದು ೮೦ ಕಿಲೋ ಮರ ತುಂಬಿದರೆ ಒಬ್ಬ ಆಳನ್ನು ಹೆಚ್ಚಾಗಿ ಕೂರಿಸಿಕೊಂಡಂತೆಯೇ ಆಯಿತು, ಆ ಆಳು ಹುಟ್ಟನ್ನೂ ಹಾಕುವುದಿಲ್ಲ.

ಯಾವ ಮರವನ್ನು ಉಪಯೋಗಿಸಬೇಕೆಂಬುದು ಕೈಯಲ್ಲಿರುವ ಹಣವನ್ನು ಹೊಂದಿಕೊಂಡಿದೆ. ಅರ್ಧ ಅಂಗುಲ ದಪ್ಪದ, ನೀರಿಗೆ ಬಿಚ್ಚಿಕೊಳ್ಳದ ದೋಣಿ ದರ್ಜೆಯ ಪ್ಲೈವುಡ್ ಉತ್ತಮ. ಇಂತಹ ಹಲಗೆಯ ಮೇಲೆ ಐ.ಎಸ್. ೭೧೦ ಎಂಬ ಗುರುತು ಇರುವುದನ್ನು ನೋಡಿ ಕೊಳ್ಳತಕ್ಕದ್ದು. ಎಂಟಡಿ ಉದ್ದದ ಅಟ್ಟಕ್ಕೆ ಇದು ಸುಮಾರು ೨೦ ಕಿಲೋ ತೂಗುವುದು. ರೀಪುಗಳೂ ಸೇರಿ ಮೇಲೆ ಹೇಳಿದ ೨೫ ಕಿಲೋ ಆಗುವುದು. ಮುಕ್ಕಾಲಂಗುಲದ ತೇಗದ ಹಲಗೆ ಬಾಳಿಕೆಗೆ ಬರುವುದಾದರೂ ಭಾರದಲ್ಲಿಯೂ ಬೆಲೆಯಲ್ಲಿಯೂ ಹೆಚ್ಚು. ಚನ್ನಗಿರಿ, ನ್ಯಾಮತಿ ಕಡೆಯ ತೋಟದ ಯಜಮಾನರಿಗೆ ಇವೆರಡಕ್ಕಿಂತ ಅಗ್ಗವಾದ ಮೂರನೆಯ ದಾರಿಯೊಂದಿದೆ. ಅಡಿಕೆ ಒಣಗಿಸುವ ಅಟ್ಟಕ್ಕೆ ಹಾಸುವ ಅಡಿಕೆ ಮರದ ದಬ್ಬೆಯೇ ಅದು. ಗಾಳಿಗೆ ಬಿದ್ದ ಬಲಿತ ಮರವನ್ನು ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಪೂರ್ತಿಯಾಗಿ ಕೆತ್ತಿ ತೆಗೆದು, ಸಿಬಿರು ಏಳದಂತೆ ಅಂಚುಗಳನ್ನು ಉಜ್ಜಿ, ಎರಡು ದಬ್ಬೆಗಳ ನಡುವೆ ಬೆರಳು ಹಿಡಿಯುವಷ್ಟು ಸಂದು ಬಿಡದೆ, ಅದರ ಅರ್ಧದಷ್ಟು ಮಾತ್ರ ಬಿಟ್ಟು ರೀಪಿನ ಮೇಲೆ ಜೋಡಿಸಬೇಕು. ತಿರುಳು ಉಳಿದರೆ ಅದು ನೀರು ಕುಡಿದು ಬೇಗನೆ ಕೊಳೆಯುವುದು. ಇಂತಹ ಅಟ್ಟವು ಪ್ಲೈವುಡ್ಡಿನಷ್ಟು ಕಾಲ ಬಾಳುವುದಿಲ್ಲ. ಆದರೆ ಕೆಟ್ಟ ದಬ್ಬೆಯನ್ನು ತೆಗೆದು ಹೊಸದನ್ನು ಹಾಕುವುದು ಅರ್ಧ ಗಂಟೆಯ ಕೆಲಸ, ಖರ್ಚು ಕೂಲಿಯದು ಮಾತ್ರ.

ಇಲ್ಲಿ ಅಡಿಕೆ ಬೆಳೆಗಾರರಿಗೆ ಒಂದು ಎಚ್ಚರಿಕೆಯನ್ನು ಕೊಡುವುದು ಅವಶ್ಯವಾಗಿದೆ. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ಬಳಕೆಗೆ ತಂದಂದಿನಿಂದ, ಮೈಲುತುತ್ತವಿಲ್ಲದ ತೋಟದ ಮನೆಯಿಲ್ಲ. ತೋಟಕ್ಕೆ ಅಮೃತವಾದ ಈ ಮೈಲುತುತ್ತವು ಅಲ್ಯೂಮಿನಿಯಂ ತಗಡಿಗೆ ವಿಷ. ಅದರಲ್ಲಿರುವ ತಾಮ್ರವು ತೇವದಲ್ಲಿ ತಗಡಿನೊಡನೆ ಸೇರಿದ ಕಡೆಯಲ್ಲೆಲ್ಲ ಸಣ್ಣ ಸಣ್ಣ ಗುಳಿಗಳು ಬೀಳುವುವು. ಗುಳಿ ಆಳವಾದರೆ ತೂತಾಗುವುದು. ಆದಕಾರಣ ಮಿಶ್ರಣ ಕಲಸಿದ ಪೀಪಾಯಿಗಳನ್ನಾಗಲಿ, ಮೈಲುತುತ್ತದ ದ್ರಾವಣದಲ್ಲಿ ಅದ್ದಿದ ದಬ್ಬೆಯನ್ನಾಗಲಿ ದೋಣಿಯೊಳಗೆ ತರಲೇಬಾರದು. ಗೆದ್ದಲು ಹಿಡಿಯದಂತೆ ತಾಮ್ರದ ಮದ್ದನ್ನು ಒತ್ತಿಸಿದ, ಪೇಟೆಯಲ್ಲಿ ಸಿಕ್ಕುವ ಹಸಿರು ಛಾಯೆಯ ಮರಕ್ಕೂ ಇದೇ ಮಾತು ಅನ್ವಯಿಸುವುದು. ಸುಣ್ಣ, ಸಿಮೆಂಟು, ಒಲೆಯ ಬೂದಿ ಇವುಗಳೂ ಒದ್ದೆಯಾದಾಗ ತಗಡನ್ನು ತಿನ್ನುವುವು. ಪಾತ್ರೆ ತಿಕ್ಕುವ ಅಭ್ಯಾಸದಿಂದ ದೋಣಿಯನ್ನೂ ಬೂದಿ ಹಾಕಿ ತಿಕ್ಕುವವರು ಆ ಪದ್ಧತಿಯನ್ನು ಬಿಡುವುದು ಒಳ್ಳೆಯದು; ಹಸನಾದ ನೀರೇ ಸಾಕು.

ಅಟ್ಟವನ್ನು ಒಂದೇ ತುಂಡಾಗಿ ಮಾಡದೆ ಮೂರು ತುಂಡುಗಳಾಗಿ ಮಾಡತಕ್ಕದ್ದು. ಒಂದೊಂದು ತುಂಡೂ ಎಂಟೊಂಬತ್ತು ಕಿಲೋವಿಗೆ ಮೀರದಿದ್ದರೆ ದೋಣಿಯಲ್ಲಿ ಕುಳಿತವನೇ ಅದನ್ನು ಎತ್ತಬಹುದು. ಪ್ರತಿ ತುಂಡಿಗೂ ನಾಲ್ಕು ಬೆರಳು ಸೇರುವಷ್ಟು ಉದ್ದನೆಯ ಒಂದು ಕಂಡಿ ಇರಲಿ. ಹಿಂಬದಿಯ ತುಂಡಿನ ಕೆಳಗೆ ನೀರು ಸೇರುವುದರಿಂದ ಅದೇ ಮೊದಲು ಏಳುವಂತಿರಬೇಕು. ಅದರ ಮೇಲೆ ಬಲೆಯ ರಾಶಿಯನ್ನು ಹಾಕಿ ಕೂರಬಾರದು. ತುಂಡುಗಳ ಅಡಿಗೆ ಒಂದಂಗುಲ ಚೌಕದ ರೀಪುಗಳನ್ನು ಅಡ್ಡಲಾಗಿ, ದೋಣಿಯ ಪಕ್ಕೆಗಳ ಮೇಲಲ್ಲದೆ ಪಕ್ಕೆಗಳ ನಡುವೆ ಬರುವಂತೆ ಕೂಡಿಸಿದರೆ, ರೀಪು ಪಕ್ಕೆಗೆ ತಡೆಯಾಗಿ ನಿಂತು ಅಟ್ಟವು ಹಿಂದಕ್ಕೂ ಮುಂದಕ್ಕೂ ಜಾರುವುದಿಲ್ಲ. ಈ ಉಪಾಯದಿಂದ ದೋಣಿಯ ಮೈಗೆ ಒಂದು ತೂತೂ ಕೊರೆಯಬೇಕಾಗುವುದಿಲ್ಲ. ರೀಪು ತಳದ ತಗಡಿಗೆ ತಗುಲದೆ ಕಾಲಂಗುಲ ಮೇಲೆಯೇ ನಿಲ್ಲಬೇಕು. ತಗುಲಿದರೆ ತಗಡನ್ನು ತಿಕ್ಕುವುದಲ್ಲದೆ ನೀರು ಹಿಂಬದಿಗೆ ಹರಿಯಲು ಅಡ್ಡವಾಗುವುದು. ಹಲಗೆಯು ಪಕ್ಕೆಯ ಮೇಲೆ ಕೂರುವೆಡೆಯಲ್ಲಿ ಹಳೆಯ ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿಯನ್ನು ಅಂಟಿಸಿದರೆ ಸದ್ದು ಅಡಗುವುದು, ಸವೆತವೂ ಕಡಮೆ.

ಮೊಳೆ ತಿರುಪುಗಳು ಮರಕ್ಕೆ ಮಾತ್ರ. ಅವು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು. ಹಿತ್ತಾಳೆಯ ತಿರುಪು ಹೊಳಪಿಗೆ ಚೆಂದವೆಂದು ಬಡಗಿಗಳು ಅದನ್ನೇ ತರುವುದುಂಟು. ಹಿತ್ತಾಳೆಯಲ್ಲಿರುವುದೂ ತಾಮ್ರವೇ ಆದ್ದರಿಂದ ಅದು ಕೂಡದು. ತಿರುಪಿನ ಮೊನೆ ಹಲಗೆಯ ಕೆಳಗೆ ಇಣುಕಿದೆಯೇ ಎಂದು ಪ್ರತಿಯೊಂದನ್ನೂ ಬೆರಳಿನಿಂದ ತಡವಿ ನೋಡಬೇಕು. ಕೆಲಸ ಮುಗಿದ ಮೇಲೆ ಹಲಗೆಯ ಅಂಚುಗಳಿಗೆ, ಕಂಡಿಗಳ ಒಳಮೈಗೆ, ತಿರುಪಿನ ಕುಳಿಗಳಿಗೆ ಎಪಾಕ್ಸಿಯನ್ನು ಎರಡು ಮೂರು ಸಲ ಬಳಿಯತಕ್ಕದ್ದು. ಪ್ಲೈವುಡ್ ಹಾಳಾಗುವುದು ಯಾವಾಗಲೂ ಅಂಚಿನಿಂದಲೇ. ದಬ್ಬೆಯ ಅಟ್ಟಕ್ಕೆ, ಕರಾವಳಿಯವರು ಮರದ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಸಾಕು. ಅದು ಕೈಗೆ ತಗುಲಿದರೆ ಚರ್ಮ ಸುಟ್ಟು ಗುಳ್ಳೆಯೇಳುವುದರಿಂದ ಕೈಚೀಲ ತೊಟ್ಟು ಬಳಿಯಬೇಕು. ಮೇಲ್ಮೈಗೆ ಬಣ್ಣ ಹಚ್ಚುವವರು, ಬಣ್ಣ ಹಸಿಯಾಗಿರುವಾಗಲೇ ಜರಡಿಯಾಡಿದ ಒಣ ಮರಳನ್ನು ಚಿಮುಕಿಸಿ ಆರಲು ಬಿಟ್ಟರೆ ಮೀನಿನ ಲೋಳೆ ಬಿದ್ದಾಗಲೂ ಕಾಲು ಜಾರುವುದಿಲ್ಲ. ನುಣುಪಾದ ಅಟ್ಟವು ಅಟ್ಟವಿಲ್ಲದಿರುವುದಕ್ಕಿಂತ ಕೆಟ್ಟದ್ದು.

ದೋಣಿಯ ಅಡ್ಡಮಣೆಗಳ ಒಳಗೆ ಬಿಳಿಯ ಹಗುರ ದಿಮ್ಮಿಗಳನ್ನು ತುಂಬಿರುವರು. ದೋಣಿಯಲ್ಲಿ ನೀರು ತುಂಬಿದರೂ ಅದು ತಳ ಸೇರದಂತೆ ತೇಲಿಸುವುದು ಈ ದಿಮ್ಮಿಗಳೇ. ಅಟ್ಟಕ್ಕೆ ಸ್ಥಳ ಸಾಲದೆಂದು ಮಣೆಯನ್ನು ಕೊಯ್ದು, ದಿಮ್ಮಿಯನ್ನು ಕಿತ್ತು ಹಾಕಿ, ಆ ಗೂಡನ್ನು ಮೀನಿನ ಪೆಟ್ಟಿಗೆಯಾಗಿ ಮಾಡಿಕೊಳ್ಳುವ ಜಾಣರೂ ಇದ್ದಾರೆ. ಅಲ್ಯೂಮಿನಿಯಂ ನೀರಿಗಿಂತ ಎರಡೂಮುಕ್ಕಾಲು ಪಾಲಿನಷ್ಟು ಭಾರವಾದ ಲೋಹ. ದಿಮ್ಮಿ ಹೋದ ದೋಣಿ ನೀರು ತುಂಬಿದ ಕ್ಷಣದಲ್ಲಿ ಕಲ್ಲಿನಂತೆ ಇಳಿಯುವುದು, ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಮಣೆಗಳನ್ನು ಮುಟ್ಟತಕ್ಕದ್ದಲ್ಲ.

ಜಗಳೂರು ತಾಲ್ಲೂಕಿನವರ ಅಗತ್ಯ ಸ್ವಲ್ಪ ಬೇರೆ. ಮಳೆ ಕಡಮೆಯಾದ ಆ ಸೀಮೆಯಲ್ಲಿ ಕೆರೆಗಳು ವರ್ಷವರ್ಷವೂ ತುಂಬುವುದಿಲ್ಲ. ತುಂಗಭದ್ರೆಯಿಂದ ನೀರೆತ್ತಿ ಅಲ್ಲಿನ ೫೭ ಕೆರೆಗಳನ್ನು ತುಂಬಿಸುವ ಯೋಜನೆಯು ಕೈಗೊಳ್ಳಲ್ಪಟ್ಟ ಮೇಲೆ ಮೀನು ಸಾಕುವ ಆಸೆ ಅಲ್ಲಿಯೂ ಚಿಗುರಿದೆ. ಒಂದೊಂದು ಕೆರೆಗೆ ಒಂದೊಂದು ದೋಣಿಯನ್ನು ಇಡುವುದು ವೃಥಾ ಖರ್ಚು. ನಾಲ್ಕೈದು ಊರಿನವರು ಕೂಡಿ ಒಂದು ದೋಣಿಯನ್ನು ಕೊಂಡು, ಅಟ್ಟವನ್ನು ಬೇರ್ಪಡಿಸಿ, ಟ್ರ್ಯಾಕ್ಟರ್ ಗಾಡಿಯಲ್ಲಿ ಕೆರೆಯಿಂದ ಕೆರೆಗೆ ಸಾಗಿಸಿಕೊಳ್ಳಬಹುದು. ಸಾಗಿಸುವಾಗ ಹಲಗೆಗಳನ್ನು ಮೊದಲು ಗಾಡಿಯಲ್ಲಿ ಹಾಸಿ ದೋಣಿಯನ್ನು ಅವುಗಳ ಮೇಲೆ ಇಟ್ಟರೆ ತಗಡಿಗೆ ಪೆಟ್ಟಾಗದು.

ಹೊಸ ಅಟ್ಟವನ್ನು ಹಾಕಿದ ದಿನವೇ ನಡುನೀರಿಗೆ ಹೋಗತಕ್ಕದ್ದಲ್ಲ. ದಡದ ಬಳಿ ಎದೆಮಟ್ಟದ ನೀರಿನಲ್ಲಿ, ಎಂದಿನ ಆಳುಗಳನ್ನೂ ಬಲೆಯನ್ನೂ ಹೇರಿ, ನೂರು ಕಿಲೋ ಮೀನಿಗೆ ಬದಲಾಗಿ ಮರಳಿನ ಚೀಲಗಳನ್ನಿಟ್ಟು, ಒಬ್ಬನು ಅಟ್ಟದ ಅಂಚಿನಲ್ಲಿ ನಿಂತು ಬಲೆ ಬೀಸಿ ನೋಡಬೇಕು. ಎಲ್ಲರೂ ನಡುವೆ ಕುಳಿತಾಗ ನೀರಿನ ಮಟ್ಟಕ್ಕೂ ದೋಣಿಯ ಅಂಚಿಗೂ ಒಂದು ಗೇಣಿಗಿಂತ ಕಡಮೆ ಉಳಿದಿದ್ದರೆ ಹೇರು ಹೆಚ್ಚಾಯಿತೆಂದೇ ಅರ್ಥ. ಅಟ್ಟವನ್ನು ದೂರದೆ ಹೇರನ್ನು ಇಳಿಸಬೇಕು. ಈಜು ಬಲ್ಲವನೂ ಸಹ ಲೈಫ್ ಜಾಕೆಟ್ ತೊಡದೆ ದೋಣಿ ಹತ್ತದಂತೆ ಯಜಮಾನರು ಕಟ್ಟುಮಾಡುವುದು ಅವಶ್ಯ, ಏಕೆಂದರೆ ಬಲೆಯು ಕಾಲಿಗೆ ಸುತ್ತಿಕೊಂಡ ಮೇಲೆ ಈಜಿನ ವಿದ್ಯೆ ನೆರವಿಗೆ ಬರುವುದಿಲ್ಲ.

ಪ್ರತಿದಿನ ಸಂಜೆ ತುಂಡುಗಳನ್ನು ಎತ್ತಿ, ನೀರಿನಿಂದ ತೊಳೆದು, ನೆರಳಿನಲ್ಲಿ ಗೋಡೆಗೆ ಒರಗಿಸಿಡಬೇಕು. ತಳವನ್ನು ಒಮ್ಮೆ ಕಣ್ಣಿಟ್ಟು ನೋಡಿ, ಕಲ್ಲು ಮುಳ್ಳು ಸಿಕ್ಕಿದ್ದರೆ ತೆಗೆದುಹಾಕಬೇಕು. ಮೀನು ಹಿಡಿಯುವುದು ನಿಂತಿರುವ ಮಳೆಗಾಲದ ವಾರಗಳು ಎಪಾಕ್ಸಿಯನ್ನೋ ಎಣ್ಣೆಯನ್ನೋ ಹೊಸದಾಗಿ ಬಳಿಯಲು ಅನುಕೂಲವಾದ ಸಮಯ. ಆದರೆ ಬಳಿಯುವ ದಿನ ಹಲಗೆ ಪೂರ್ತಿ ಒಣಗಿರತಕ್ಕದ್ದು. ನೀರು ತೋಡುವ ಡಬ್ಬಿಯನ್ನು ಎರಡು ಮೊಳದ ಹಗ್ಗದಿಂದ ಹಿಂಬದಿಯ ಮಣೆಗೆ ಕಟ್ಟಿ ಬಿಡಬೇಕು, ಅಟ್ಟದ ಕೆಳಗೆ ಸೇರಿಸಿಡಬಾರದು.